ಜಗಲಿಯ ಮೇಲೆ ಕೂತ ಮೈನಸ್ಸು

ಅತ್ತೆ,

ಮುನಿಸಿನ ಮಾವನ ಕತೆಯನ್ನು ಮೊದಲು ಹೇಳಿದವರು ನೀವು. ತೊಂಬತ್ತೆಂಟನೇ ಇಸವಿಯ ಅವರೆಕಾಯಿ ಕಾಲ, ಹದಿನಾರು ಎಂಬ ನಮ್ಮೂರಿನ ಅಡುಗೆಮನೆ. ಮೊನ್ನೆ ಅದನ್ನು ನಾನು ಮೂವರು ಹುಡುಗಿಯರಿಗೆ ಹೇಳಿದೆ. ಅದಕ್ಕೇ ಈ ಕಾಗದ. ಓದು ಬಾರದ ನಿಮಗೆ ಕಾಗದವೇ ಎಂದು ನಗಬೇಡಿ.

ಅಂದು ನೀವು ನೆನೆದ ಅವರೆಕಾಳು ಹಿಸುಕುತ್ತಾ ಕೂತಿದ್ದಿರಿ. ನಾನು ಗಣಿತದ ಪುಸ್ತಕ ಹಿಡಿದು ಅಳುತ್ತಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಅದೊಂದೇ ವಿಷಯ, ಎರಡು ಸಲ ಫೇಲು. ಪಾಸಾದರೆ ಅಂಗನವಾಡಿ ಟೀಚರ್ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಇಲ್ಲದಿದ್ದರೆ ಅಲ್ಲೇ ಸಹಾಯಕಿಯಾಗಿ ಪಾತ್ರೆ ತೊಳೆಯುತ್ತಾ...

"ಏನಮ್ಮಿ ಅದು, ಅಂಗ್ ಅಳೂವಂತದ್ದು?"

"ಮೊದಲ್ಗೇ ಮೈನಸ್ ಬಂದ್ಬುಟ್ರೆ ಅಪವರ್ತನ ಮಾಡಕ್ ಬರಕಿಲ್ಲ ಅತ್ತೆ. ಅದುನ್ನ ಆವರಣದಿಂದ ಆಚಿಕ್ ತಗೀಬೇಕಂತೆ. ತಗುದ್ರೆ ಒಳಗಿರೋವೆಲ್ಲಾ ಉಲ್ಟಾ ಆಯ್ತವೆ."

ಆವರಣವೆಂದರೆ ಲೆಕ್ಕದ ಎರಡು ಬಾಗಿದ ಗೆರೆ ಎಂದು ನಿಮಗೆ ಹೇಗೆ ಗೊತ್ತಾಗಬೇಕು? ನಿಮಗೆ ಗೊತ್ತಿದ್ದದ್ದು ಗುಡಿಯ ಆವರಣ, ಮದುವೆಮನೆಯ ಆವರಣ. "ಯಾರ್ನ ಆಚಿಕ್ ಕಳ್ಸುದ್ರಮ್ಮಿ ಪಾಪ?" ಎಂದಿರಿ. ನಾನು ನಕ್ಕುಬಿಟ್ಟೆ. ನೀವು ಬಿಡಲಿಲ್ಲ, ಕತೆಯನ್ನೇ ಕಟ್ಟಿದಿರಿ.

ಮದುವೆ ಊಟದ ಪಂಕ್ತಿ. ಮೊದಲ ಎಲೆಯಲ್ಲೇ ಮುನಿಸಿನ ಮಾವ. "ಅವ್ನ್ ಮಕ ನೋಡ್ಕಂಡು ಯಾರೂ ತುತ್ತೆತ್ತಕಿಲ್ಲ. ಮೆಲ್ಲುಗ್ ಕರ್ಕಬಂದು ಜಗ್ಲಿ ಮ್ಯಾಲ್ ಕೂರ್ಸು. ನಗ್ತಿದ್ದ ಅವನ್ ಕಡೆಯೋರು ಅಳ್ತರೆ, ಅಳ್ತಿದ್ದ ಆಗ್ದೋರು ನಗ್ತರೆ. ಆಮ್ಯಾಕ್ ಜೋಡಿ ನೋಡ್ಕಂಡ್ ಕೂರ್ಸು."

ಲೆಕ್ಕ –x² + 7x – 12. ಮೊದಲಿನ ಮೈನಸ್ಸೇ ಮಾವ, ಅವನನ್ನು ಆಚೆ ಕೂರಿಸಿದೆ. ಪ್ಲಸ್ ಏಳು ಅತ್ತು ಮೈನಸ್ ಆಯಿತು, ಮೈನಸ್ ಹನ್ನೆರಡು ನಕ್ಕು ಪ್ಲಸ್ ಆಯಿತು. ಒಳಗೆ x² – 7x + 12 ಉಳಿಯಿತು. ಕೂಡಿದರೆ ಏಳು, ಗುಣಿಸಿದರೆ ಹನ್ನೆರಡು: ಮೂರು ಮತ್ತು ನಾಲ್ಕು! (x – 3)(x – 4) ಎಂದು ಬರೆದು ಪುಸ್ತಕದ ಹಿಂದಿನ ಉತ್ತರ ನೋಡಿದೆ. ತಪ್ಪು.

"ಮಾವುನ್ಗೆ ಎಲೆ ಆಕುದ್ಯಾ?" ಎಂದಿರಿ ನೀವು, ತಲೆ ಎತ್ತದೆ.

"ಇಲ್ಲ ಅತ್ತೆ."

"ಅಯ್ ಮಂಕೆ! ಜಗ್ಲೀಲ್ ಕೂರ್ಸುದ್ರೆ ನೆಂಟ ಅಲ್ದೆ ಓದ್ನಾ? ಅವನ್ಗೂ ಬಡುಸ್ಬೇಕು ಕಣಮ್ಮಿ. ಮರುತ್ರೆ ಮದ್ವೇನೇ ಕೆಡುಸ್ತನೆ."

ಎರಡು ಪರೀಕ್ಷೆಗಳಲ್ಲೂ ನಾನು ಮರೆತಿದ್ದು ಆಚೆ ಕೂತ ಆ ಒಂದು ಮೈನಸ್ ಗೆರೆಯನ್ನೇ. –(x – 3)(x – 4). ನಂಜನಗೂಡಿನ ಪರೀಕ್ಷಾ ಕೊಠಡಿಯಲ್ಲಿ ಅಂಥದೇ ಲೆಕ್ಕ ಬಂತು. ಉತ್ತರ ಬರೆದ ಮೇಲೆ ಬೆರಳಿಟ್ಟು ನೋಡಿದೆ. ಮಾವ ಇದ್ದ.

ಫಲಿತಾಂಶಕ್ಕೆ ಒಂಬತ್ತು ದಿನ ಇರುವಾಗ ನೀವು ಹೊರಟುಬಿಟ್ಟಿರಿ. ಗಣಿತದಲ್ಲಿ ಮೂವತ್ತೆಂಟು ಬಂದಿತ್ತು ಅತ್ತೆ. ಮನೆಯೆಲ್ಲ ಅಳುತ್ತಿರುವಾಗ ಪಾಸಾದೆ ಎಂದು ಯಾರಿಗೆ ಹೇಳಲಿ? ಹೇಳಬೇಕಾದವರು...

ಎರಡು ವರ್ಷದ ಮೇಲೆ ಟೀಚರ್ ಕೆಲಸವೂ ಸಿಕ್ಕಿತು. ಪ್ರತಿ ವರ್ಷ ಪಿತೃಪಕ್ಷದಲ್ಲಿ ನಿಮಗೆ ಎಡೆ ಇಡುವಾಗ ನಿಮ್ಮ ಮಾತು ನೆನಪಾಗುತ್ತದೆ. ನೀವೂ ಈಗ ಆಚೆ ಕೂತವರೇ ಅಲ್ಲವೇ? ಎಲೆ ಹಾಕುವುದನ್ನು ನಾನು ಒಂದು ವರ್ಷವೂ ಮರೆತಿಲ್ಲ.

ಮೊನ್ನೆಯ ಆ ಮೂವರೂ ನನ್ನಂತೆಯೇ ಗಣಿತದಲ್ಲಿ ಫೇಲಾದವರು. ಸಂಜೆ ಅಂಗನವಾಡಿಯಲ್ಲಿ ಕೂರಿಸಿಕೊಂಡು ನಿಮ್ಮ ಕತೆಯನ್ನು ನಿಮ್ಮ ಹೆಸರು ಹೇಳಿಯೇ ಹೇಳಿದೆ. ಕೇಳಿ ನಕ್ಕು ಎದ್ದುಹೋದರು. ಮಾರನೆಯ ಬೆಳಿಗ್ಗೆ ನಾನು ಬೀಗ ತೆಗೆಯುವ ಮೊದಲೇ ಹಾಳೆ ಹಿಡಿದು ಜಗಲಿಯ ಮೇಲೆ ಕೂತಿದ್ದರು. ಮೂರು ಹಾಳೆಗಳಲ್ಲೂ ಆವರಣದ ಆಚೆ ಗೆರೆ ಇತ್ತು. ಚಿಕ್ಕವಳು ಅದರ ಕೆಳಗೆ ಪುಟ್ಟದೊಂದು ಬಾಳೆಎಲೆ ಬರೆದಿದ್ದಳು.

ನಿಮ್ಮ ಸೊಸೆ