ಕವನಾಳ ಫೈಲು

ಜುಲೈ 9, ಮಂಗಳವಾರ

ಇವತ್ತೂ ಸಿಲಿಂಡರ್ ಬರಲಿಲ್ಲ. ಸಣ್ಣಕ್ಕ ಗೊಣಗುತ್ತಲೇ ಸೌದೆ ಒಲೆ ಹಚ್ಚಿದಳು. ನಮ್ಮ ಅಂಗನವಾಡಿಯ ಸಹಾಯಕಿ ಅವಳು. ನಾನು ಟೀಚರಾಗಿ ಬರುವುದಕ್ಕೆ ಎಷ್ಟೋ ವರ್ಷ ಮೊದಲಿಂದ ಈ ಒಲೆಯ ಮುಂದೆ ಕೂತವಳು. ಹದಿನೇಳು ಮಕ್ಕಳು ಬಂದಿದ್ದವು.

ಅರಕಲಗೂಡಿನ ಟ್ರೇನಿಂಗ್‌ನಲ್ಲಿ ಹೇಳಿದ ಹಾಗೆ ಅವಲೋಕನ ಪುಸ್ತಕ ಶುರು ಮಾಡಿದೆ. ಇನ್ನು ಮೇಲೆ ಅ ಆ ಇ ಈ ಒಪ್ಪಿಸಿ ಮಾರ್ಕ್ಸ್ ಹಾಕುವುದಿಲ್ಲ. ಮಗು ಆಡುವಾಗ ಪಕ್ಕದಲ್ಲಿ ಕೂರಬೇಕು. ಏನು ಮಾಡಿತು, ಏನು ಅಂದಿತು — ಹಾಗೇ ಬರೆಯಬೇಕು. ಸೂಪರ್‌ವೈಸರ್ ಪ್ರೇಮಕುಮಾರಿ ಮೇಡಂ ಎರಡು ಸಲ ಹೇಳಿದರು: "ನೋಡಿದ್ದನ್ನ ಬರೀರಿ, ನೀವಂದ್ಕೊಂಡಿದ್ದನ್ನಲ್ಲ." ಬರೆದದ್ದರ ನಕಲು, ಮಗು ಬಿಡಿಸಿದ ಚಿತ್ರ, ಎಲ್ಲ ಸೇರಿಸಿ ಮಗುವಿಗೊಂದು ಫೈಲ್. ಆಗಾಗ ತಂದೆತಾಯಿಗೆ ತೋರಿಸಬೇಕು.

ಮೊದಲು ಕವನಾ. ನಾಲ್ಕು ವರ್ಷ ಮೂರು ತಿಂಗಳು. ಬರೆದೆ: 'ಮುಚ್ಚಳಗಳನ್ನು ದೊಡ್ಡದು, ಚಿಕ್ಕದು ಎಂದು ತಾನೇ ಜೋಡಿಸಿದಳು. ಬೊಂಬೆಯನ್ನು ಕೂರಿಸಿ ಊಟ ಬಡಿಸಿದಳು. ಆಮೇಲೆ ಬೊಂಬೆಯ ಕೂದಲು ಹಿಡಿದು ತಲೆಯನ್ನು ಗೋಡೆಗೆ ಬಡಿದಳು. ಆರು ಸಲ. ಒಂದರಿಂದ ಆರರವರೆಗೆ ತಪ್ಪಿಲ್ಲದೆ ಎಣಿಸಿದಳು.'

ಎಣಿಕೆಯ ಕಾಲಂನಲ್ಲಿ ಟಿಕ್ ಹಾಕಿದೆ.

ಜುಲೈ 11

ಬೊಂಬೆಯ ತಲೆ ಕಿತ್ತು ಬಂದಿದೆ. ಕವನಾಳನ್ನು ಕೇಳಿದೆ, "ಯಾಕವ್ವ ಹೊಡೀತೀಯ?"

"ಸಾರ್ಗೆ ಉಪ್ಪು ಜಾಸ್ತಿ ಆಕವ್ಳೆ."

"ಯಾರು?"

ತಲೆಯಿಲ್ಲದ ಬೊಂಬೆಯ ಕತ್ತಿನ ಮೇಲೆ ಅಂಗೈ ಒತ್ತಿ ಹಿಡಿದು ಹೇಳಿದಳು: "ಅಳಬ್ಯಾಡ. ಅತ್ರೆ ಇನ್ನೂ ಬೀಳ್ತವೆ ಕಣೇ."

ಬರೆದುಕೊಂಡೆ. ಹಾಗೇ, ಅಕ್ಷರ ಬಿಡದೆ.

ಜುಲೈ 20, ಶನಿವಾರ

ಕವನಾ ಚಿತ್ರ ಬಿಡಿಸಿದಳು. ಹಾಳೆಯ ತುಂಬ ಒಂದು ದೊಡ್ಡ ಕಾಲು. ಕೆಳಗೆ ಮಲಗಿದ ಒಂದು ಗೆರೆ. ಏನಿದು ಅಂದರೆ, "ಇದು ಅಪ್ಪನ ಕಾಲು. ಇದು ಅವ್ವನ ಒಟ್ಟೆ." ಅವಳ ಮಾತನ್ನು ಚಿತ್ರದ ಕೆಳಗೆ ಬರೆದು ಫೈಲಿಗೆ ಸೇರಿಸಿದೆ.

ಸಂಜೆ ಅವರ ಮನೆಗೆ ಹೋದೆ. ಅಪ್ಪ ದಿಲೀಪ ಆಲೂಗಡ್ಡೆ ಲೋಡ್ ಹಾಕಿಕೊಂಡು ಟೆಂಪೋದಲ್ಲಿ ಹಾಸನಕ್ಕೆ ಹೋಗಿದ್ದ. ತಾಯಿ ಮೇಘಶ್ರೀ ಒಬ್ಬಳೇ. ತುಟಿ ಸೀಳಿತ್ತು. ಕೇಳುವ ಮೊದಲೇ ಹೇಳಿದಳು, "ಅಸ ಒದ್ದುಬುಡ್ತು ಅಕ್ಕಾ."

ಕೊಟ್ಟಿಗೆ ಎದುರಿಗೇ ಇತ್ತು. ಹಸು ಮಾರಿ ತಿಂಗಳಾಗಿದೆ ಅಂತ ಊರಿಗೆಲ್ಲ ಗೊತ್ತು. ನಾನು ತಲೆಯಾಡಿಸಿ, ಕಾಫಿ ಕುಡಿದು ಬಂದೆ.

ಆಗಸ್ಟ್ 21

ಪ್ರೇಮಕುಮಾರಿ ಮೇಡಂ ಬಂದು ಪುಸ್ತಕ ನೋಡಿದರು. ಕವನಾಳ ಪುಟದಲ್ಲಿ ತುಂಬ ಹೊತ್ತು ನಿಂತರು. "ನಮ್ಮ ಸರ್ಕಲ್‌ನ ಅಂಗನವಾಡಿಗಳಲ್ಲೇ ಇಷ್ಟು ಚೆನ್ನಾಗಿ ಯಾರೂ ಬರ್ದಿಲ್ಲ ಪ್ರತಿಭಾ. ಈ ಮನೆ ವಿಚಾರ ಮಾತ್ರ ನಂಗೆ ಸರಿ ಕಾಣ್ತಿಲ್ಲ. ಮೇಲಕ್ಕೆ ತಿಳಿಸ್ತೀನಿ. ಸ್ವಲ್ಪ ಹುಷಾರು."

ಮೊದಲ ವಾಕ್ಯ ಮಾತ್ರ ಕಿವಿಗೆ ಬಿತ್ತು. ದಿನವೆಲ್ಲ ಉಬ್ಬಿಕೊಂಡಿದ್ದೆ.

ಆಗಸ್ಟ್ 31, ಶನಿವಾರ

ಪೋಷಕರ ಸಭೆ. ಸದಾ ತಾಯಂದಿರೇ ಬರುವುದು. ಇವತ್ತು ದಿಲೀಪ ಬಂದ. ಇಸ್ತ್ರಿ ಮಾಡಿದ ಬಿಳಿ ಷರ್ಟು.

ಬೆಳಗ್ಗೆ ಕವನಾಳ ಫೈಲಿನಿಂದ ಬೊಂಬೆಯದ್ದು, ಕಾಲಿನ ಚಿತ್ರದ್ದು, ಆ ಹಾಳೆಗಳ ಪಿನ್ ತೆಗೆದಿದ್ದೆ. ಆಮೇಲೆ ತಿರುಗಿ ಹಾಕಿದೆ. ತಾಯಿ ಬಂದರೆ ಓದಲಿ, ಬಾಯಿ ಬಿಡಬಹುದು ಅಂದುಕೊಂಡೆ... ಸುಳ್ಳು. ಅದೂ ಇತ್ತು, ಆದರೆ ಫೈಲ್ ತೆಳ್ಳಗೆ ಕಾಣುತ್ತೆ ಅಂತ ಹಾಕಿದೆ.

ನಾನು ಮಕ್ಕಳ ತೂಕ ನೋಡುತ್ತಿದ್ದೆ. ತಿರುಗುವಷ್ಟರಲ್ಲಿ ಫೈಲ್ ಅವನ ಕೈಯಲ್ಲಿತ್ತು. ನಿಧಾನಕ್ಕೆ, ಬೆರಳಿಟ್ಟು, ಕೊನೆಯ ಹಾಳೆಯವರೆಗೂ ಓದಿದ. ನಕ್ಕ.

"ಚೆನ್ನಾಗ್ ಬರ್ದಿದ್ದೀರ ಮೇಡಂ. ಮಕ್ಳು ಏನೇನೋ ಕತೆ ಕಟ್ತವೆ, ಅಲ್ವಾ?"

ಸಹಿ ಹಾಕಿ, ಕವನಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದ.

ಸೆಪ್ಟೆಂಬರ್ 2, ಸೋಮವಾರ

ಕವನಾ ಬಂದಿಲ್ಲ.

ಸಣ್ಣಕ್ಕ ಬಂದವಳು ಒಲೆ ಹಚ್ಚದೆ ಕೂತುಬಿಟ್ಟಳು. "ಶನ್ವಾರ ಸಂಜೇನೇ ಕಣವ್ವ. ದಿಲೀಪ ಮೇಘಶ್ರೀನ ಟೆಂಪೋದ ಜಾಕಿ ರಾಡ್ನಲ್ಲಿ ಬಡ್ದ. ಜುಟ್ಟಿಡ್ದು ಅಂಗಳಕ್ಕೆ ಎಳ್ಕಂಬಂದ. 'ಬರೆಸ್ತೀಯಾ ನನ್ ಮ್ಯಾಲೆ, ಬರೆಸ್ತೀಯಾ' — ಒಂದೊಂದ್ ಏಟ್ಗೂ ಅದೇ ಮಾತು."

"ಯಾರೂ ಬಿಡಿಸಲಿಲ್ವಾ?"

"ಗಂಡ ಎಂಡ್ತಿ ಜಗಳ ಅಂತ ಯಾರೂ ಓಗ್ಲಿಲ್ಲ. ನಮ್ಮನೆ ಎದುರ್ಗೇ ಅಲ್ವಾ... ನಾನು ಬಾಗ್ಲು ಆಕ್ಕಂಡೆ ಕಣವ್ವ."

"ಕವನಾ?"

"ಟೆಂಪೋ ಅಡೀಲಿ ಕೂತಿತ್ತು. ಎಲ್ಲಾನೂ ನೋಡ್ತು."

ಮೇಘಶ್ರೀ ಹಾಸನದ ಆಸ್ಪತ್ರೆಯಲ್ಲಿ. ಮೆಟ್ಟಿಲಿಂದ ಬಿದ್ದಳು ಅಂತ ಅತ್ತೆಮಾವ ಸೇರಿಸಿದ್ದಾರೆ. ದವಡೆ ಎರಡು ಕಡೆ ಮುರಿದಿದೆ. ಎಡಗಣ್ಣು ಉಳಿಯುವುದು ಕಷ್ಟ. ಹಳ್ಳಿಮೈಸೂರಿನಿಂದ ಅವಳ ತಾಯಿ ನಂಜಮ್ಮ ಬಂದು ಕವನಾಳನ್ನು ಎತ್ತಿಕೊಂಡು ಹೋದಳಂತೆ.

ಅವನು ಬೆರಳಿಟ್ಟು ಓದಿದ್ದು ನನ್ನ ವಾಕ್ಯಗಳನ್ನು.

ಸೆಪ್ಟೆಂಬರ್ 4

ಪ್ರೇಮಕುಮಾರಿ ಮೇಡಂ ಜೊತೆ ಠಾಣೆಗೆ ಹೋಗಿ ಹೇಳಿದೆ. ಮೇಘಶ್ರೀಗೆ ಮಾತಾಡಲು ಆಗುತ್ತಿಲ್ಲ. ಪುಸ್ತಕ ಭದ್ರವಾಗಿಡಿ, ನಾಳೆ ಮಧ್ಯಾಹ್ನ ಬಂದು ತಗೋತೀವಿ ಅಂದರು ಪೊಲೀಸರು. ರವೆ ಮೂಟೆಯೊಳಗೆ ಇಟ್ಟಿದ್ದೇನೆ.

ಸೆಪ್ಟೆಂಬರ್ 12

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಗೆ ಕಟ್ಟು. ಕಿರುಬೆರಳು ಇಲ್ಲ. ಅದರ ಪಕ್ಕದ್ದು ಮಡಚುವುದಿಲ್ಲ.

ಐದನೇ ತಾರೀಖು. ಹನ್ನೊಂದೂ ಮುಕ್ಕಾಲು. ತಟ್ಟೆ ಹಾಕುತ್ತಿದ್ದೆವು. ಗೇಟಿನ ಸದ್ದು. ದಿಲೀಪ. ಕೈಯಲ್ಲಿ ಮಚ್ಚು, ಎಳನೀರು ಕೊಚ್ಚುವಂಥದ್ದು. ಮಕ್ಕಳನ್ನು ಸ್ಟೋರ್ ರೂಮಿಗೆ ತಳ್ಳಿ ಬಾಗಿಲಿಗೆ ಬೆನ್ನು ಕೊಟ್ಟೆ.

"ಪೊಲೀಸ್ರಿಗ್ ಕೊಡ್ತೀನಂದ್ಯಂತಲ್ಲ, ಆ ಬುಕ್ ಕೊಡೇ."

"ಇಲ್ಲಿಲ್ಲ."

"ನನ್ ಮಗೀನ್ ಬಾಯಲ್ಲಿ ಏನೇನ್ ಬರಿಸ್ಕಂಡಿದ್ದೀಯ ಲೇ? ಕೊಡ್ತೀಯೋ, ಕೈಯೇ ತಗಂಡೋಗ್ಲೋ?"

ಕೊಟ್ಟುಬಿಡಬಹುದಿತ್ತು. ಹದಿನಾರು ಮಕ್ಕಳು ಬೆನ್ನ ಹಿಂದೆ. ಯಾಕೆ ಕೊಡಲಿಲ್ಲ, ಇವತ್ತಿಗೂ ತಿಳಿಯದು. ಅವನು ಬೀಸಿದ. ಕೈ ಅಡ್ಡ ಹಿಡಿದೆ. ನೋವಾಗಲಿಲ್ಲ. ತಣ್ಣಗಾಯಿತು, ಅಷ್ಟೇ. ಗೋಡೆಯ ಮೇಲಿನ ಹಣ್ಣುಗಳ ಚಾರ್ಟಿಗೆ ರಕ್ತ ಚಿಮ್ಮಿತು. ಮತ್ತೆ ಎತ್ತಿದ.

ಆಗ ಸಣ್ಣಕ್ಕ. ಕುದಿಯುವ ಸಾಂಬಾರಿನ ಪಾತ್ರೆ ಎರಡೂ ಕೈಯಲ್ಲಿ ಎತ್ತಿ ಅವನ ಮುಖಕ್ಕೆ ಎರಚಿದಳು. ಅವನ ಕೂಗು ಮನುಷ್ಯರದ್ದಾಗಿರಲಿಲ್ಲ. ಮಚ್ಚು ಬಿತ್ತು. ಬಿದ್ದವನ ಮೇಲೆ ಅವಳು ಸೌದೆ ಎತ್ತಿದಳು. ಭುಜಕ್ಕೆ, ಮಂಡಿಗೆ, ಬೆನ್ನಿಗೆ. "ಬಾಗ್ಲು ಆಕ್ಕಂಡಿದ್ದೆ ಕಣೋ ಅವತ್ತು. ಬಾಗ್ಲು ಆಕ್ಕಂಡಿದ್ದೆ!" ಹೊಡೆಯುತ್ತಲೇ ಅಳುತ್ತಿದ್ದಳು. ಮಂಡಿ ಚಿಪ್ಪು ಒಡೆದ ಸದ್ದು ನನಗೆ ಕೇಳಿಸಿತು.

ಸಾಕು ಅನ್ನಬೇಕಿತ್ತು. ಅನ್ನಲಿಲ್ಲ. ಸೌದೆ ಮುರಿಯುವವರೆಗೂ ಅನ್ನಲಿಲ್ಲ.

ಆಮೇಲೆ ತಿರುಗಿ ನೋಡಿದೆ. ಸ್ಟೋರ್ ರೂಮಿನ ಜಾಲರಿಯ ಹಿಂದೆ ಮಕ್ಕಳ ಕಣ್ಣುಗಳು. ಒಂದೂ ಅಳುತ್ತಿರಲಿಲ್ಲ.

ಅಕ್ಟೋಬರ್ 14, ಸೋಮವಾರ

ಆಸ್ಪತ್ರೆಗೆ ಹೋಗಿದ್ದೆ. ಮೇಘಶ್ರೀಯ ದವಡೆಗೆ ತಂತಿ ಕಟ್ಟಿದ್ದಾರೆ. ಎಡಗಣ್ಣು ಹೋಯಿತು. ಪೊಲೀಸರಿಗೆ ಎಲ್ಲವನ್ನೂ ತಾನೇ ಬರೆದುಕೊಟ್ಟಿದ್ದಾಳೆ, ನಾಲ್ಕು ಪುಟ. ನನ್ನ ಪುಸ್ತಕದ ತಾರೀಖುಗಳೂ ಅವಳು ಬರೆದ ತಾರೀಖುಗಳೂ ಹೊಂದುತ್ತವೆ ಅಂದರಂತೆ. ದಿಲೀಪ ಜೈಲಿನಲ್ಲಿದ್ದಾನೆ, ಅರ್ಧ ಮುಖ ಸುಟ್ಟಿದೆ. ಸಣ್ಣಕ್ಕನ ಮೇಲೂ ಒಂದು ಕೇಸು. ಬೇಲ್ ಸಿಕ್ಕಿದೆ.

"ನನ್ನಿಂದ ಆಯ್ತು ಮೇಘಾ" ಅಂದೆ.

ಚೀಟಿಯ ಮೇಲೆ ಬರೆದಳು: 'ನೀವು ಬರೆಯೋದಕ್ಕೆ ಮುಂಚೆನೂ ಹೊಡೀತಿದ್ದ ಅಕ್ಕ.'

ಚೀಟಿ ತಿರುಗಿ ಇಸಕೊಂಡಳು. ಕೆಳಗೆ ಇನ್ನೊಂದು ಸಾಲು: 'ಆದರೆ ಅವನಿಗೆ ಯಾಕೆ ತೋರಿಸಿದಿರಿ?'

ಹೊರಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಮೂರು ಬಸ್ ಬಿಟ್ಟೆ.

ಡಿಸೆಂಬರ್ 12, ಗುರುವಾರ

ಹಳ್ಳಿಮೈಸೂರಿಗೆ ಹೋಗಿ ಬಂದೆ. ಕವನಾ ಈಗ ಅಲ್ಲಿಯ ಅಂಗನವಾಡಿ ಮಗು. ಮೇಘಶ್ರೀಯೂ ತಾಯಿಯ ಮನೆಯಲ್ಲೇ ಇದ್ದಾಳೆ. ಹೊಸ ಟೀಚರಿಗೆ ಕವನಾಳನ್ನು ಹತ್ತಿರದಿಂದ ನೋಡುವುದು ಹೇಗೆ ಅಂತ ತಿಳಿಸಿಬನ್ನಿ ಎಂದು ಪ್ರೇಮಕುಮಾರಿ ಮೇಡಂ ಕಳಿಸಿದರು.

ನಂಜಮ್ಮ ಅಂಗನವಾಡಿಯ ಗೇಟಿನ ಹತ್ತಿರವೇ ನನ್ನನ್ನು ನಿಲ್ಲಿಸಿದಳು. "ಮಾತ್ ಕಮ್ಮಿ ಆಡ್ತದೆ ಮಗ. ನಿದ್ದೇಲಿ ಅಲ್ಲು ಕಡೀತದೆ. ನೀವೇನ್ ಬರ್ಕಂತೀರೋ ಬರ್ಕಳಿ, ಮಗೀನ್ ಮ್ಯಾಲೆ ಕ್ವಾಪ ಮಾಡ್ಕಬ್ಯಾಡಿ."

ಒಂದು ಮೂಲೆಯಲ್ಲಿ ಪುಸ್ತಕ ತೆರೆದು ಕೂತೆ. ಕವನಾ ನನ್ನನ್ನು ನೋಡಿ ನಗಲಿಲ್ಲ, ಓಡಲೂ ಇಲ್ಲ. ಮರಳಿನಲ್ಲಿ ಆಡುತ್ತಿದ್ದಳು. ಒಂದು ಮಗು ಅವಳ ಡಬ್ಬಿ ಕಿತ್ತುಕೊಂಡಿತು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಸ್ಲೇಟು ಎತ್ತಿ ಅದರ ಹುಬ್ಬಿನ ಮೇಲೆ ಇಳಿಸಿದಳು. ಒಮ್ಮೆಯಲ್ಲ. ರಕ್ತ ಕಣ್ಣಿಗೆ ಇಳಿಯಿತು.

"ಕವನಾ!" ಕೂಗಿದೆ. ಎದ್ದೆ.

ಎರಡೂ ಕೈ ತಲೆಯ ಮೇಲೆ ಹೊತ್ತು ಗೋಡೆಗೆ ಅಂಟಿಕೊಂಡಳು. ನನಗೆ ಹೆದರಿ. ನನಗೆ.

ಹೊಸ ಟೀಚರ್ ಆ ಮಗುವನ್ನು ಎತ್ತಿಕೊಂಡು ಓಡಿದಳು. ನಾನು ನೆಲದ ಮೇಲೆ ಕೂತೆ. ಬಹಳ ಹೊತ್ತಿನ ಮೇಲೆ ಕವನಾ ಗೋಡೆ ಬಿಟ್ಟು ಬಂದಳು. ನನ್ನ ತೊಡೆಯ ಮೇಲಿದ್ದ ಪುಸ್ತಕ ನೋಡಿದಳು. ಹಾಳೆಯ ಮೇಲೆ ಅಂಗೈ ಊರಿದಳು, ಬೆರಳು ಅಗಲಿಸಿ, ಒಂದಕ್ಷರಕ್ಕೂ ಜಾಗ ಬಿಡದ ಹಾಗೆ.

"ಮಿಸ್, ಬರೀಬ್ಯಾಡಿ. ಬರದ್ರೆ ಅವ್ವಂಗೆ ಬೀಳ್ತವೆ."

ಇಲ್ಲ ಕಣವ್ವ, ಇನ್ನು ಬೀಳಲ್ಲ ಅಂದೆ. ನಂಬಲಿಲ್ಲ. ಕೈ ತೆಗೆಯಲಿಲ್ಲ.

ಆ ಪುಟ ಖಾಲಿ ಬಿಟ್ಟು ಬಂದೆ. ಯಾರೂ ಓದದ ಈ ಡೈರಿಯಲ್ಲಾದರೂ ಬರೆದಿಡಬೇಕು. ಕವನಾ, ನಾಲ್ಕು ವರ್ಷ ಎಂಟು ತಿಂಗಳು. ಇವತ್ತು ಬೆಳಗ್ಗೆ ಸ್ಲೇಟಿನ ಅಂಚಿನಿಂದ —