ಇಲ್ಲದ ಮಕ್ಕಳ ಅಮ್ಮ

ಭಾನುವಾರ, ಮಧ್ಯಾಹ್ನ
ಲಾಂಡ್ರಿ ಕೋಣೆ

ನನ್ನ ಗುಬ್ಬೀ,

ನೀನು ಫೋನ್ ಎತ್ತುತ್ತಿಲ್ಲ. ಎತ್ತಬೇಡ. ಎತ್ತಿದ್ದರೆ ನಾನು ಊಟ ಆಯ್ತಾ, ಹೊಲಿಗೆ ಒಣಗಿತಾ ಅಂತ ಕೇಳಿ, ನೀನು ಹ್ಞೂ ಅಂದು, ಇಬ್ಬರೂ ಅಲ್ಲಿಗೇ ಮಾತು ಮುಗಿಸಿಬಿಡುತ್ತಿದ್ದೆವು. ಕಾಗದವಾದರೆ ಮಧ್ಯದಲ್ಲಿ ಕಟ್ ಮಾಡೋಕೆ ಬರೋದಿಲ್ಲ. ಹರಿದು ಹಾಕಬಹುದು, ಅದು ಬೇರೆ. ಓದಿ ಆದಮೇಲೆ ಹರಿ.

ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋಗುವಾಗ ನರ್ಸು ಹೊರಗೆ ಯಾರಿದ್ದಾರೆ ಅಂತ ಕೇಳಿದಳು, ಯಾರೂ ಇಲ್ಲ ಅಂದೆ ಅಂತ ಮೆಸೇಜು ಕಳಿಸಿದೆಯಲ್ಲ, ಅದು ಇನ್ನೂ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ. ನಿನ್ನ ತಮ್ಮ ಬಂದು ಮುಟ್ಟುವಾಗ ಸಂಜೆಯಾಗಿತ್ತಂತೆ. ನಾನು ರಜೆ ಸಿಗಲಿಲ್ಲ ಅಂದದ್ದನ್ನು ನೀನು ನಂಬಲಿಲ್ಲ. ಗಾಲ್‌ಬ್ಲ್ಯಾಡರ್ ತೆಗೆಸೋ ಮಗಳಿಗಾಗಿ ರಜೆ ಕೊಡದ ಜಾಗ ಎಲ್ಲಾದರೂ ಉಂಟಾ ಅಂತ ಕೇಳಿದೆ. ಇಲ್ಲ. ಎಲ್ಲೂ ಇಲ್ಲ. ಆದರೂ ನನಗೆ ರಜೆ ಸಿಗಲಿಲ್ಲ ಅನ್ನೋದು ನಿಜ. ಅದು ಹೇಗೆ ಅಂತ ಹೇಳೋಕೇ ಕೂತಿದ್ದೀನಿ.

ಇದು ಮುದುಕರ ಮನೆ ಅಂತ ನಿನಗೆ ಗೊತ್ತು. ಮೂರು ಮಹಡಿ, ಒಂದು ಲಿಫ್ಟು, ನೆಲಮಾಳಿಗೆಯಲ್ಲಿ ನನ್ನ ಲಾಂಡ್ರಿ, ಅದರ ಗೋಡೆಗೆ ಅಂಟಿಕೊಂಡು ನಮ್ಮಿಬ್ಬರ ಕೋಣೆ. ಲಿಫ್ಟು, ನಲ್ಲಿ, ಬಾಯ್ಲರು ನಿನ್ನಪ್ಪನ ಪಾಲಿಗೆ. ಚಾದರ, ಟವೆಲು, ಒಳಬಟ್ಟೆ ನನ್ನ ಪಾಲಿಗೆ. ಆಸ್ಪತ್ರೆಯ ಬಟ್ಟೆ ಒಗೆದು ಬಂದವಳು ನಾನು, ರಕ್ತ ಕೀವು ಕಂಡು ಮುಖ ತಿರುಗಿಸಿದವಳಲ್ಲ. ಇಲ್ಲಿ ಮುದುಕರ ಜೇಬಿನಲ್ಲಿ ಅರ್ಧ ಚೀಪಿಟ್ಟ ಪೆಪ್ಪರ್‌ಮಿಂಟು ಸಿಗುತ್ತೆ, ಕರ್ಚೀಫಿನಲ್ಲಿ ಸುತ್ತಿಟ್ಟ ಹಲ್ಲುಸೆಟ್ಟು ಸಿಗುತ್ತೆ, ಮೊನ್ನೆ ಊಟದ ಮಾಂಸದ ಚೂರು ಸಿಗುತ್ತೆ. ಡ್ರೈಯರಿನ ಜಾಲರಿಯಲ್ಲಿ ಬಿಳಿ ಕೂದಲೂ ನೂಲೂ ಸೇರಿ ಸತ್ತ ಇಲಿಯ ಹಾಗೆ ಮುದ್ದೆಗಟ್ಟಿರುತ್ತೆ. ಬರಿಗೈಲಿ ಕಿತ್ತು ಬಿಸಾಡಿ, ಕೈ ತೊಳೆದು ಊಟಕ್ಕೆ ಕೂರ್ತೀನಿ. ಅದ್ಯಾವುದೂ ನನಗೆ ಹೇಸಿಗೆ ಅನಿಸಿಲ್ಲ. ಹೇಸಿಗೆ ಅಂದರೆ ಏನು ಅಂತ ಗೊತ್ತಾದದ್ದು ಊಟಕ್ಕೆ ನನ್ನೆದುರು ಕೂರುವ ಮನುಷ್ಯನಿಂದ.

ನಾವು ಹೊರಟ ಕಥೆ ನಿನಗೆ ಗೊತ್ತಿದ್ದದ್ದೇ. ಆದರೂ ಒಂದು ಮಾತು ಹೇಳಲೇಬೇಕು, ಕೋಪ ಮಾಡ್ಕೋಬೇಡ. ಊಟಕ್ಕೆ ಕೂತಾಗ ನಿನ್ನಪ್ಪ, ನಾವಿಬ್ಬರೂ ದೇಶ ಬಿಟ್ಟು ಹೋಗ್ತಿದ್ದೀವಿ, ಇನ್ನು ವಾಪಸ್ ಬರೋ ಮಾತಿಲ್ಲ, ಈ ಬಾಡಿಗೆ ಮನೆ ಬಿಡ್ತೀವಿ, ನೀವಿಬ್ಬರೂ ದೊಡ್ಡವರಾಗಿದ್ದೀರಿ, ನಿಮ್ಮ ದಾರಿ ನೋಡ್ಕೊಳ್ಳಿ ಅಂದರಲ್ಲ, ಆಗ ನಿಮ್ಮ ಬಾಯಿಂದ ಮೊದಲು ಬಂದದ್ದು ಏನು ಹೇಳು? ನಿನ್ನ ತಮ್ಮ, ಫ್ರಿಜ್ ಯಾರಿಗೆ ಅಂದ. ನೀನು ಫೋನಿಂದ ತಲೆ ಎತ್ತದೆ, ವಾಷಿಂಗ್ ಮೆಷೀನು ನಂಗಿರಲಿ ಅಂದೆ. ಅವತ್ತು ನಿಮ್ಮನ್ನು ಕಂಡೂ ನನಗೆ ಅಸಹ್ಯವಾಗಿತ್ತು. ಗಂಡನ ಮನೆ ಬಿಟ್ಟು ಬಂದ ನೀನು, ಕೆಲಸ ಬಿಟ್ಟು ಬಂದ ಅವನು, ಇಬ್ಬರೂ ಲಾಡ್ಜಿನಲ್ಲಿದ್ದ ಹಾಗೆ ಇದ್ದಿರಿ. ತಿಂದ ತಟ್ಟೆ ಸಿಂಕಿನವರೆಗೂ ಹೋಗುತ್ತಿರಲಿಲ್ಲ. ನಿನ್ನಪ್ಪನ ಮುಖ ಅವತ್ತು ಬಿಳುಚಿಕೊಂಡದ್ದನ್ನು ನಾನು ನೋಡಿದ್ದೆ. ಅದಕ್ಕೇ ಅವರ ಹಿಂದೆ ಬಂದೆ. ಪಾಪ, ದುಡಿದು ದುಡಿದು ಸೋತಿದ್ದಾರೆ, ನಾಲ್ಕು ದಿನ ಇಬ್ಬರೇ ಇರೋಣ ಅಂದುಕೊಂಡೆ.

ಬಂದ ಹೊಸದರಲ್ಲಿ ಚೆನ್ನಾಗೇ ಇತ್ತು. ಇಲ್ಲಿನ ಭಾಷೆ ಅವರಿಗೆ ಬೇಗ ಬಂತು, ನನಗೆ ನಿಧಾನ. ಮನೆ ನಡೆಸುವ ಹೆಂಗಸು, ನಾನು ಮ್ಯಾನೇಜರಮ್ಮ ಅಂತೀನಿ, ಬಿರುಸು ಆದರೂ ನ್ಯಾಯದವಳು. ಅವಳ ಹತ್ತಿರ ಮಾತೆಲ್ಲ ನಿನ್ನಪ್ಪನದೇ. ನಾನು ಪಕ್ಕದಲ್ಲಿ ನಿಂತು ನಗುವುದು. ಒಂದು ವಿಷಯ ಮಾತ್ರ ನನಗೆ ಸರಿ ಕಾಣುತ್ತಿರಲಿಲ್ಲ. ನಿಮಗೆ ಫೋನ್ ಮಾಡಬೇಕಾದರೆ ಹಿತ್ತಿಲಿಗೆ ಹೋಗು, ನೆಲಮಾಳಿಗೆಯಲ್ಲಿ ಸಿಗ್ನಲ್ ಇಲ್ಲ ಅನ್ನೋರು. ಕಸದ ಡ್ರಮ್ಮುಗಳ ಪಕ್ಕ ನಿಂತು, ಕೊಳೆತ ವಾಸನೆಗೆ ಮೂಗಿಗೆ ಸೆರಗು ಒತ್ತಿಕೊಂಡು ನಿನ್ನ ಜೊತೆ ಮಾತಾಡುತ್ತಿದ್ದೆ. ಏನಮ್ಮಾ ಯಾವಾಗಲೂ ಲಾರಿ ಸದ್ದು ಅಂತ ನೀನು ಕೇಳಿದ್ದೆ, ನೆನಪಿದೆಯಾ? ಕಸದ ಲಾರಿ ಅದು. ನೋಡಿದರೆ ನಿನ್ನಪ್ಪ ಕೋಣೆಯಲ್ಲೇ ಕಾಲು ಚಾಚಿ ಫೋನಿನಲ್ಲಿ ಪಂದ್ಯ ನೋಡುತ್ತಿದ್ದರು.

ಮುದುಕರನ್ನು ನೋಡೋಕೆ ಮನೆಯವರು ಬರುವ ಒಂದು ಭಾನುವಾರ ಎಲ್ಲ ಬಯಲಾಯಿತು. ಎರಡನೇ ಮಹಡಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಸಿಕ್ಕ ಬಟ್ಟೆಯ ಗುಂಡಿಯೆಲ್ಲ ಕಿತ್ತು ಹಾಕುತ್ತಾರೆ, ನಾನು ಗುಂಡಿಯಜ್ಜಿ ಅಂತೀನಿ. ಅವರ ಮಗ ಬಂದಿದ್ದ. ಮ್ಯಾನೇಜರಮ್ಮ ನನ್ನನ್ನು ಕರೆದು ಅವನಿಗೆ ತೋರಿಸಿ, ನಿಮ್ಮ ತಾಯಿಯ ಗುಂಡಿಗಳನ್ನು ಕೂತು ಹೊಲಿಯೋದು ಇವರೇ, ಪಾಪ, ಸ್ವಂತ ಮಕ್ಕಳಿಲ್ಲ, ಇಲ್ಲಿರೋರನ್ನೇ ತಮ್ಮವರು ಅಂದ್ಕೊಂಡಿದ್ದಾರೆ ಅಂದಳು. ಭಾಷೆ ತಪ್ಪಾಗಿ ತಿಳಿದೆ ಅಂದುಕೊಂಡೆ. ಆ ಮಗ ನನ್ನ ಕೈ ಹಿಡಿದು ಅಯ್ಯೋ ಅನ್ನುವ ಮುಖ ಮಾಡಿದ. ಆಗ, ಭಾಷೆ ಸರಿಯಾಗೇ ತಿಳಿದಿದೆ ಅಂತ ಗೊತ್ತಾಯಿತು.

ಕೆಳಗೆ ಬಂದು ಕೇಳಿದೆ. ನಿನ್ನಪ್ಪ ಬೂಟಿನ ದಾರ ಬಿಚ್ಚುತ್ತಾ, ತಲೆ ಕೂಡ ಎತ್ತದೆ, "ಹೌದು, ಹಾಗೆ ಹೇಳಿದೀನಿ. ಮಕ್ಕಳಿರೋರಿಗೆ ಇಲ್ಲಿ ರೂಮು ಕೊಡಲ್ಲ. ಆಮೇಲೆ ಅವರೂ ಬಂದು ಠಿಕಾಣಿ ಹೂಡ್ತಾರೆ ಅಂತ ಇವರಿಗೆ ಭಯ. ಬಾಯಿ ಬಿಟ್ಟೆಯೋ, ಇಬ್ಬರೂ ಬೀದಿಗೆ" ಅಂದರು. ನಾನು ನಂಬಿದೆ. ಕೆಲಸ ಹೋದರೆ ವಾಪಸ್ ಬಂದು ನಿಲ್ಲೋಕೆ ಮನೆಯೂ ಇಲ್ಲವಲ್ಲ. ಬಾಯಿಗೆ ಬೀಗ ಹಾಕಿಕೊಂಡೆ.

ಆಮೇಲಿನ ದಿನಗಳ ಕಥೆ ಕೇಳು. ಮಕ್ಕಳಿಲ್ಲದವಳು ಅಂತ ಎಲ್ಲರಿಗೂ ಕರುಣೆ. ಅಡುಗೆಯವಳು ನನ್ನ ತಟ್ಟೆಗೆ ಒಂದು ಸೌಟು ಹೆಚ್ಚು ಬಡಿಸುವಳು. ಒಬ್ಬ ತಾತ, ಯಾರದು ದೋಷ, ನಿನ್ನದೋ ಅವನದೋ ಅಂತ ಲಿಫ್ಟಿನಲ್ಲಿ ಎಲ್ಲರೆದುರು ಕೇಳಿದ. ಗುಂಡಿಯಜ್ಜಿ ತಮ್ಮ ಹಾಸಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದ ಬಟ್ಟೆಯ ಬೊಂಬೆಯನ್ನು ತಂದು ನನ್ನ ಮಡಿಲಿಗೆ ಹಾಕಿದರು, ಇದು ನಿನ್ನದು, ಸಾಕಿಕೋ ಅಂತ. ಜೊಲ್ಲು ಒಣಗಿ ಗಟ್ಟಿಯಾದ ಬೊಂಬೆ, ಹುಳಿ ವಾಸನೆ. ನಾನು ಥ್ಯಾಂಕ್ಸ್ ಅಂದೆ. ಎರಡು ಹೆತ್ತ ನಾನು, ನಿನ್ನನ್ನು ಹೆರೋಕೆ ಸಾವಿನ ಬಾಗಿಲು ತಟ್ಟಿ ಬಂದ ನಾನು, ಒಂದು ಚಿಂದಿ ಬೊಂಬೆಗೆ ಥ್ಯಾಂಕ್ಸ್ ಅಂದೆ. ನಿನ್ನಪ್ಪ ಅದನ್ನು ಇಸಿದುಕೊಂಡು ಕಪಾಟಿನ ಮೇಲಿಟ್ಟು, ಚೆನ್ನಾಗಿ ಕಾಣುತ್ತೆ ಅಂತ ಹಲ್ಲು ಕಿರಿದರು. ಅವತ್ತು ಅವರ ಊಟದ ಸದ್ದು ಮೊದಲ ಸಲ ಕಿವಿಗೆ ಬಿತ್ತು. ಇಷ್ಟು ವರ್ಷ ಜೊತೆಗೆ ಉಂಡಿದ್ದೀನಿ, ಆ ಚಪ್ಪರಿಕೆ ಅಲ್ಲಿಯವರೆಗೆ ನನಗೆ ಕೇಳಿಸಿರಲಿಲ್ಲ.

ನೀನು ನಾಲ್ಕು ದಿನ ಇದ್ದು ಹೋಗ್ತೀನಿ ಅಂದಾಗ, ಜಾಗ ಚಿಕ್ಕದು, ಬೇಡ ಅಂತ ನಾನು ಅಂದದ್ದು ಇದಕ್ಕೇ. ನಿನ್ನನ್ನು ಯಾರು ಅಂತ ಹೇಳಲಿ?

ಆಮೇಲೆ ನಿನ್ನ ಹೊಟ್ಟೆನೋವು, ಆಪರೇಷನ್ ಸುದ್ದಿ. ನಾನು ಹೋಗಲೇಬೇಕು ಅಂತ ಹಟ ಹಿಡಿದೆ. ಆಯ್ತು, ನಾನು ಕೇಳ್ತೀನಿ, ನೀನು ಸುಮ್ಮನಿರು ಅಂತ ನಿನ್ನಪ್ಪ ನನ್ನನ್ನು ಆಫೀಸಿಗೆ ಕರೆದುಕೊಂಡು ಹೋದರು. ಇವಳ ತಂಗಿಗೆ ಆಪರೇಷನ್, ರಜೆ ಬೇಕು ಅಂದರು. ತಂಗಿ ಅನ್ನುವ ಪದ ನನಗೆ ಬರುತ್ತೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನನ್ನ ಕಣ್ಣೆದುರೇ ನನ್ನ ತಂಗಿಯಾದಳು. ಮ್ಯಾನೇಜರಮ್ಮ ಪಾಪ ಅಂದುಕೊಂಡೇ ಹೇಳಿದಳು, "ತಂಗಿಗೆ ಅಂತ ರಜೆ ಕೊಡೋಕೆ ನಿಯಮ ಇಲ್ಲ. ಸ್ವಂತ ಮಕ್ಕಳಿಗೆ ಆಗಿದ್ದರೆ ಈಗಲೇ ಹೊರಡಿ ಅನ್ನುತ್ತಿದ್ದೆ." ನಿನ್ನಪ್ಪ ತಲೆಯಾಡಿಸಿದರು. ಏನೂ ಆಗದವರ ಹಾಗೆ, ಸರಿ, ಅರ್ಥವಾಯ್ತು ಅನ್ನೋ ಹಾಗೆ ತಲೆಯಾಡಿಸಿದರು. ನಾನು ಅಲ್ಲೇ ಕಿರುಚಬೇಕಿತ್ತು. ಬೀದಿಪಾಲಾಗುವ ಭಯಕ್ಕೆ ಕೆಳಗೆ ಬಂದು ಚಾದರ ಮಡಿಸಿದೆ.

ನಿನ್ನ ಮೆಸೇಜು ಬಂದಾಗ ನನ್ನ ಕೈತುಂಬ ಸೋಪಿನ ನೊರೆ. ಓದಿದೆ. ಬೀದಿಗೆ ಬಿದ್ದರೆ ಬೀಳಲಿ ಅನಿಸಿತು. ಒದ್ದೆ ಏಪ್ರನ್‌ನಲ್ಲೇ ಮೆಟ್ಟಿಲು ಹತ್ತಿ ಆಫೀಸಿಗೆ ನುಗ್ಗಿದೆ. ನಿಮ್ಮಿಬ್ಬರ ಫೋಟೋ ಫೋನಿನಲ್ಲಿ ತೆಗೆದು ಮೇಜಿನ ಮೇಲಿಟ್ಟೆ. ಬರುವಷ್ಟು ಭಾಷೆಯಲ್ಲಿ, ನನ್ನ ಮಗಳು, ನನ್ನ ಮಗ, ನನ್ನ ಮಗಳ ಹೊಟ್ಟೆ ಕುಯ್ದಿದ್ದಾರೆ ಅಂದೆ. ನಮ್ಮನ್ನು ಹೊರಗೆ ಹಾಕಿ, ಪರವಾಗಿಲ್ಲ ಅಂದೆ.

ಮ್ಯಾನೇಜರಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿದಳು. "ಯಾಕೆ ಹೊರಗೆ ಹಾಕಬೇಕು?" ಅಂತ ಕೇಳಿದಳು. ಮಕ್ಕಳಿರೋರಿಗೆ ಆ ಕೋಣೆ ಇಲ್ಲವಂತಲ್ಲ ಅಂದೆ. "ನಿಮಗಿಂತ ಮುಂಚೆ ಅಲ್ಲಿದ್ದವರಿಗೆ ಮೂರು ಮಕ್ಕಳು. ರಜೆ ಬಂದರೆ ಮೂವರೂ ಅದೇ ಕೋಣೆಯಲ್ಲಿ ಉರುಳಿಕೊಂಡಿರೋರು. ನಾನು ಮಕ್ಕಳಿದ್ದಾರಾ ಅಂತ ಕೇಳಿದ್ದು ಸುಮ್ಮನೆ, ಮಾತಿಗೆ. ನಿಮ್ಮ ಗಂಡ ಇಲ್ಲ ಅಂದರು, ಪಾಪ ಅಂದುಕೊಂಡೆ" ಅಂದಳು.

ಗುಬ್ಬೀ, ಅಂಥ ನಿಯಮವೇ ಇರಲಿಲ್ಲ. ಯಾರೂ ಅವರ ಕತ್ತು ಹಿಡಿದಿರಲಿಲ್ಲ.

ಬಾಯ್ಲರ್ ಕೋಣೆಗೆ ಹೋದೆ. ಅವರು ಶಿಳ್ಳೆ ಹಾಕುತ್ತಾ ಪೈಪಿಗೆ ಬಟ್ಟೆ ಸುತ್ತುತ್ತಿದ್ದರು. ಇಲ್ಲಿಗೆ ಬಂದಮೇಲೆ ಶುರುವಾದದ್ದು ಆ ಶಿಳ್ಳೆ, ಕೂದಲಿಗೆ ಬಣ್ಣ ಹಚ್ಚೋದು ಕೂಡ. ಯಾಕ್ರೀ ಹೀಗೆ ಮಾಡಿದಿರಿ ಅಂತ ಕೇಳಿದೆ. ಸುಳ್ಳು ಹೇಳುತ್ತಾರೆ ಅಂದುಕೊಂಡಿದ್ದೆ. ಹೇಳಿದ್ದರೆ ಒಳ್ಳೆಯದಿತ್ತು. "ಅಪ್ಪ ಆಗಿ ಆಗಿ ಸಾಕಾಗಿತ್ತು ಕಣೇ" ಅಂದರು. "ಹೋಗ್ತೀವಿ ಅಂದ್ರೆ ಫ್ರಿಜ್ ಕೇಳಿದರು. ಮಕ್ಕಳಿದ್ದಾರಾ ಅಂತ ಆಯಮ್ಮ ಕೇಳಿದಾಗ ಇಲ್ಲ ಅಂತ ತಾನಾಗೇ ಬಂತು. ಅಂದಮೇಲೆ ಎಷ್ಟು ಹಗುರ ಆಯ್ತು ಗೊತ್ತಾ? ಇಲ್ಲಿ ನಾನು ಯಾರ ಅಪ್ಪನೂ ಅಲ್ಲ. ಅದರಿಂದ ಯಾರಿಗೇನು ನಷ್ಟ?"

ಮಗಳು ಒಬ್ಬಳೇ ಆಸ್ಪತ್ರೆಯಲ್ಲಿ ಮಲಗಿದ್ದಳಲ್ಲ ಅಂದೆ. "ವಾಸಿಯಾಯ್ತಲ್ಲ" ಅಂದರು. ಅಂದು ಮತ್ತೆ ಪೈಪಿಗೆ ತಿರುಗಿದರು.

ಫ್ರಿಜ್ ಕೇಳಿದ್ದು ನನಗೂ ನೋವೇ. ಅವರು ನಿಮ್ಮ ಕೆನ್ನೆಗೆ ಎರಡು ಬಿಟ್ಟು, ಥೂ ನಿಮ್ಮ ಜನ್ಮಕ್ಕೆ ಅಂತ ಬೈದಿದ್ದರೆ ನಾನೂ ಜೊತೆಗೆ ಬೈಯುತ್ತಿದ್ದೆ. ಸಿಟ್ಟು ಮಾಡಿಕೊಂಡವರು ಅಪ್ಪನಾಗೇ ಉಳಿದಿರುತ್ತಾರೆ. ಇವರು ನಿಮ್ಮನ್ನು ಹಳೇ ಅಂಗಿ ಬಿಚ್ಚಿ ಎಸೆದ ಹಾಗೆ ಎಸೆದು, ಮೈ ಹಗುರವಾಯಿತು ಅಂತ ಶಿಳ್ಳೆ ಹಾಕುತ್ತಿದ್ದಾರೆ. ನೀನು ಶಾಲೆಗೆ ಹೋಗುವಾಗ ನಿನ್ನ ಶೂ ದಾರ ನಾನು ಕಟ್ಟಿದರೆ ಬಿಚ್ಚಿಹೋಗುತ್ತೆ ಅಂತ, ಲಿಫ್ಟು ರಿಪೇರಿ ಅರ್ಧಕ್ಕೆ ಬಿಟ್ಟು ಗ್ರೀಸಿನ ಕೈಯಲ್ಲಿ ಓಡಿ ಬರುತ್ತಿದ್ದವರು ಇವರೇನಾ ಅಂತ ನೋಡಿದೆ. ಅದೇ ಮೂಗು, ಅದೇ ಕೈ. ಮುಟ್ಟಿದರೆ ತೊಳೆದುಕೊಳ್ಳಬೇಕು ಅನಿಸಿತು.

ಅವತ್ತಿನಿಂದ ನಾನು ಆ ಕೋಣೆಯಲ್ಲಿಲ್ಲ. ಮೂರನೇ ಮಹಡಿಯಲ್ಲಿ ಚಾದರ ಜೋಡಿಸಿಡುವ ಕೋಣೆಯ ಪಕ್ಕ ಒಂದು ಪುಟ್ಟ ಜಾಗ ಕೊಟ್ಟಿದ್ದಾರೆ. ಮಂಚ, ಕುರ್ಚಿ, ಒಂದು ಕಿಟಕಿ. ಮಾತು ಬಿಟ್ಟಿದ್ದೀನಿ. ಅವರ ಬಟ್ಟೆ ಮಾತ್ರ ಎಲ್ಲರ ಬಟ್ಟೆಯ ಜೊತೆ ಒಗೆದು ಕೊಡ್ತೀನಿ. ಅದು ಕೆಲಸ.

ನಿನ್ನ ಹತ್ತಿರ ಬರೋಕೆ ಮ್ಯಾನೇಜರಮ್ಮ ರಜೆ ಕೊಟ್ಟಿದ್ದಾಳೆ. ಬರುವ ವಾರ ಬರ್ತೀನಿ, ಒಬ್ಬಳೇ. ಬಾಗಿಲು ತೆಗೆಯೋದು ಬಿಡೋದು ನಿನಗೆ ಬಿಟ್ಟದ್ದು. ತೆಗೆದರೆ ನಿನ್ನ ಕೈಲಿ ಬೈಸಿಕೊಳ್ತೀನಿ, ಆಮೇಲೆ ನಾನೂ ಬೈತೀನಿ, ಅವತ್ತು ವಾಷಿಂಗ್ ಮೆಷೀನು ಕೇಳಿದ್ದಕ್ಕೆ. ನಿನ್ನ ತಮ್ಮನಿಗೂ ಹೇಳು, ಅವನ ಪಾಲಿನದೂ ಇದೆ. ಗಾಯ ಒಣಗೋವರೆಗೂ ಇದ್ದು, ತಿರುಗಿ ಇಲ್ಲಿಗೇ ಬರ್ತೀನಿ. ಈ ಕೆಲಸ ನನಗೆ ಹಿಡಿಸಿದೆ, ಈ ಮುದುಕರೂ ಹಿಡಿಸಿದ್ದಾರೆ. ನಿನಗೆ ಮನಸ್ಸಾದಾಗ ನನ್ನ ಜೊತೆ ಇಲ್ಲಿಗೆ ಬಾ. ಎದುರು ಬಾಗಿಲಿಂದ ಒಳಗೆ ಕರೆದುಕೊಂಡು ಹೋಗಿ ಮೂರು ಮಹಡಿಗೂ ತೋರಿಸ್ತೀನಿ, ಇವಳು ನನ್ನ ಮಗಳು ಅಂತ.

ನಿನ್ನನ್ನೂ ನಿನ್ನ ತಮ್ಮನನ್ನೂ ಹೆತ್ತ,
ಅಮ್ಮ

ಇನ್ನೊಂದು ಮಾತು: ಕವರಿಗೆ ಅಂಟು ಹಚ್ಚೋ ಹೊತ್ತಿಗೆ ಅಡುಗೆಯವಳು ಬಂದು ಪಕ್ಕದಲ್ಲಿ ಕೂತಳು. ದನಿ ತಗ್ಗಿಸಿ, ನಿನ್ನ ಮೊದಲನೇ ಗಂಡ ಹೇಗಿದ್ದ ಅಂತ ಕೇಳಿದಳು. ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು. ಸುಳ್ಳು ಬಯಲಾಯಿತಲ್ಲ, ಮುಖ ಉಳಿಸಿಕೊಳ್ಳೋಕೆ ನಿನ್ನಪ್ಪ ಎಲ್ಲರ ಹತ್ತಿರ, ಆ ಮಕ್ಕಳು ಅವಳ ಮೊದಲ ಗಂಡನವು, ನನ್ನವಲ್ಲ ಅಂತ ಹೇಳಿಕೊಂಡು ಬಂದಿದ್ದಾರೆ. ಎದ್ದು ಹೋಗಿ ಉಗಿಯೋಣ ಅನಿಸಿತು. ಉಗಿಯಲಿಲ್ಲ. ತುಂಬಾ ಒಳ್ಳೆಯವರಿದ್ದರು, ಮಕ್ಕಳು ಅಂದರೆ ಜೀವ ಬಿಡೋರು, ಇಲ್ಲಿಗೆ ಬರುವಾಗ ದಾರಿಯಲ್ಲಿ ತೀರಿಕೊಂಡರು ಅಂದೆ.