ಹೊದಿಕೆಯ ಅಂಚು

ಮಾವನವರಿಗೆ ನಮಸ್ಕಾರ.

ಮಗು ಉಳಿಯಲಿಲ್ಲ. ನಿಮ್ಮ ಮಗನಿಗೆ ಅದನ್ನು ಬಾಯಿಬಿಟ್ಟು ಹೇಳಲಾಗದು, ಅದಕ್ಕೇ ಅವರ ಕೈಯಲ್ಲಿ ಈ ಚೀಟಿ.

ನೀವು ನಿಮ್ಮ ತಾಯಿಯ ಹೆಸರಿಡಿ ಎಂದಾಗ, "ಅದು ಮುದುಕಿ ಹೆಸರು, ನನ್ನ ಮಗೂಗೆ ಬೇಡ" ಅಂದವಳು ನಾನೇ. "ಹಾಗಾದ್ರೆ ನಮ್ಮಮ್ಮನ ಹೆಸರು ಇನ್ನು ನಿನ್ನ ಬಾಯಲ್ಲಿ ಬರಬಾರದು" ಅಂದಿರಿ. ಮಗು ಬದುಕಿದ್ದ ಹನ್ನೊಂದು ದಿನವೂ ಇಬ್ಬರೂ ಪಟ್ಟು ಬಿಡಲಿಲ್ಲ.

ನಿಮ್ಮ ತಾಯಿ ತೊಂಬತ್ತು ದಾಟಿದವರು, ಮಗುವೂ ಹಾಗೇ ಬಾಳಲೆಂದು ನೀವು ಬಯಸಿದಿರಿ ಎಂದು ಅತ್ತೆ ಈಗ ಹೇಳಿದರು.

ಆಸ್ಪತ್ರೆಯ ಗುಮಾಸ್ತರು ಹೆಸರು ಕೇಳುತ್ತಿದ್ದಾರೆ. ಇಲ್ಲದಿದ್ದರೆ "ಹೆಣ್ಣು ಮಗು" ಎಂದಷ್ಟೇ ಬರೆಯುತ್ತಾರಂತೆ. ದಯವಿಟ್ಟು ಆ ಹೆಸರು ಕೊಡಿ.

ನಾನು ಹೊಲಿದ ಹೊದಿಕೆಯ ಅಂಚಿನಲ್ಲಿ ಹೆಸರಿಗೆಂದು ಬಿಟ್ಟ ಜಾಗ ಹಾಗೇ ಇದೆ. ಸಂಜೆ ಮಗುವನ್ನು ಅದರಲ್ಲೇ ಸುತ್ತಿ ಒಯ್ಯಬೇಕು. ಸೂಜಿಗೆ ದಾರ ಪೋಣಿಸಿಕೊಂಡು ಕೂತಿದ್ದೇನೆ.

ನಿಮ್ಮ ಸೊಸೆ